ಆಪರೇಷನ್ ಆಗಲ್ಲ ಅಂದ್ರೆ ಎಲ್ಲ ಮುಗೀತು ಅಂತಲ್ಲ: ಲಿವರ್ ಕ್ಯಾನ್ಸರ್ ಮತ್ತು ಗುರಿಯಿಟ್ಟ ರೇಡಿಯೇಷನ್

‘ಆಪರೇಷನ್ ಮಾಡ್ಲಿಕ್ಕೆ ಆಗುದಿಲ್ಲ.’ ಲಿವರ್ ಕ್ಯಾನ್ಸರ್ ಪತ್ತೆಯಾದ ಮನೆಯವರಲ್ಲಿ ಹೆಚ್ಚಿನವರು ಡಾಕ್ಟರ ಬಾಯಿಂದ ಕೇಳುವ ಮಾತು ಇದು. ಡಾಕ್ಟರು ಹೇಳಿದ್ದು ಒಂದು ತಾಂತ್ರಿಕ ಸಂಗತಿ. ಮನೆಯವರಿಗೆ ಕೇಳಿಸುವುದು ಬೇರೆಯೇ. ಕೆಲವರಿಗೆ ಅದು ‘ಇನ್ನು ಮನೆಗೆ ಕರ್ಕೊಂಡು ಹೋಗಿ’ ಎಂದು ಕೇಳಿಸುತ್ತದೆ. ಇನ್ನು ಕೆಲವರಿಗೆ ‘ಇಲ್ಲಿ ಆಗಲ್ಲ, ಬೆಂಗಳೂರಿಗೋ ಮುಂಬೈಗೋ ಹೋದ್ರೆ ಆಗ್ತದೆ, ತೋಟ ಅಡ ಇಟ್ಟಾದ್ರೂ ಸರಿ’ ಎಂದು ಕೇಳಿಸುತ್ತದೆ. ಎರಡೂ ತಪ್ಪು ಅರ್ಥವೇ.

ಬಜಗೋಳಿಯಂಥ ಊರಿನಿಂದ ಈ ವಿಷಯವನ್ನು ನೋಡುವುದಕ್ಕೆ ಒಂದು ಕಾರಣವಿದೆ. ಕಾರ್ಕಳ ತಾಲೂಕಿನ ಈ ಪೇಟೆಯಿಂದ ಒಂದು ರಸ್ತೆ ಕುದುರೆಮುಖದ ಘಟ್ಟ ಹತ್ತುತ್ತದೆ, ಒಂದು ನಾರಾವಿ, ಬೆಳ್ತಂಗಡಿ ಕಡೆ ಹೋಗುತ್ತದೆ, ಇನ್ನೊಂದು ಕಾರ್ಕಳಕ್ಕೆ. ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆ ಇದೆ, ಡಾ. ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆ ಇದೆ. ಅಲ್ಲಿಂದ ಮುಂದೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ. ಬಜಗೋಳಿಯಿಂದ ಲೆಕ್ಕ ಹಾಕಿದರೆ ಸುಮಾರು 50 ಕಿಲೋಮೀಟರ್. ದೇಶದ ಎಷ್ಟೋ ಹಳ್ಳಿಗಳಿಗೆ ಹೋಲಿಸಿದರೆ ಇದು ಅದೃಷ್ಟದ ಜಾಗ: ರೇಡಿಯೇಷನ್ ಯಂತ್ರಗಳಿರುವ ದೊಡ್ಡ ಆಸ್ಪತ್ರೆ ಒಂದು ಬಸ್ ಬದಲಾಯಿಸಿದರೆ ಸಿಗುವಷ್ಟು ಹತ್ತಿರ. ಹಾಗಿದ್ದೂ ಈ ಊರಿನ ಒಬ್ಬ ರೋಗಿಗೆ ಸರಿಯಾದ ಚಿಕಿತ್ಸೆ ಸರಿಯಾದ ಹೊತ್ತಿಗೆ ಸಿಗುತ್ತದೆ ಅನ್ನುವುದು ಖಾತ್ರಿಯಿಲ್ಲ. ಯಾಕೆ ಅಂತ ನೋಡೋಣ. ಅದಕ್ಕೆ ಸ್ವಲ್ಪ ಭೌತಶಾಸ್ತ್ರ, ಸ್ವಲ್ಪ ವೈದ್ಯಕೀಯ, ಕೊನೆಗೆ ಸಾಕಷ್ಟು ರಾಜಕೀಯ ಬೇಕಾಗುತ್ತದೆ.

ಯಾಕೆ ಕತ್ತರಿಸಿ ತೆಗೆಯಲು ಆಗುವುದಿಲ್ಲ?

2022ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8.66 ಲಕ್ಷ ಜನರಿಗೆ ಲಿವರ್ ಕ್ಯಾನ್ಸರ್ ಬರುತ್ತದೆ, ಸುಮಾರು 7.58 ಲಕ್ಷ ಜನ ಸಾಯುತ್ತಾರೆ. ಎರಡು ಸಂಖ್ಯೆಗಳ ನಡುವಿನ ಅಂತರ ಎಷ್ಟು ಕಡಿಮೆ ಅಂತ ಗಮನಿಸಿ. ಕ್ಯಾನ್ಸರ್ ಸಾವುಗಳಲ್ಲಿ ಇದು ಮೂರನೇ ಸ್ಥಾನದಲ್ಲಿದೆ.

ಕಾರಣ ಸರಳ. ಲಿವರ್ ಕ್ಯಾನ್ಸರ್ ಸಾಮಾನ್ಯವಾಗಿ ಆರೋಗ್ಯವಂತ ಲಿವರ್‌ನಲ್ಲಿ ಹುಟ್ಟುವುದಿಲ್ಲ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಮದ್ಯ, ಕೊಬ್ಬು ತುಂಬಿದ ಲಿವರ್: ಇವುಗಳಲ್ಲಿ ಒಂದೋ ಎರಡೋ ಸೇರಿ ವರ್ಷಗಟ್ಟಲೆ ಲಿವರನ್ನು ಗಾಯಗೊಳಿಸಿರುತ್ತವೆ. ಗಾಯ ಒಣಗಿ ಕಲೆಯಾಗುತ್ತದೆ, ಕಲೆಗಳು ಸೇರಿ ಲಿವರ್ ಗಟ್ಟಿಯಾಗುತ್ತದೆ. ಇದೇ ಸಿರೋಸಿಸ್. ಕ್ಯಾನ್ಸರ್ ಬರುವುದು ಹೆಚ್ಚಾಗಿ ಈ ಸೋತ ಲಿವರ್‌ನಲ್ಲಿ. ಅಂದರೆ ರೋಗಿಗೆ ಇರುವುದು ಒಂದು ಕಾಯಿಲೆ ಅಲ್ಲ, ಎರಡು.

ಆರೋಗ್ಯವಂತ ಲಿವರ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಕತ್ತರಿಸಿದರೂ ಉಳಿದದ್ದು ಬೆಳೆದುಕೊಳ್ಳುತ್ತದೆ. ಸಿರೋಸಿಸ್ ಆದ ಲಿವರ್‌ಗೆ ಆ ಶಕ್ತಿ ಇಲ್ಲ. ಗಡ್ಡೆ ತೆಗೆದರೂ ಉಳಿದ ಲಿವರ್ ಕೆಲಸ ನಿಲ್ಲಿಸಿ ರೋಗಿ ಸಾಯಬಹುದು. ಕೆಲವೊಮ್ಮೆ ಗಡ್ಡೆ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿರುತ್ತದೆ, ಅಥವಾ ನಾಳದೊಳಗೇ ಬೆಳೆದಿರುತ್ತದೆ. ಕೆಲವೊಮ್ಮೆ ಗಡ್ಡೆಗಳ ಸಂಖ್ಯೆಯೇ ಹೆಚ್ಚು. ಲಿವರ್ ಕಸಿ ಮಾಡಿದರೆ ಕ್ಯಾನ್ಸರ್ ಮತ್ತು ಸಿರೋಸಿಸ್ ಎರಡೂ ಒಟ್ಟಿಗೆ ಹೋಗುತ್ತವೆ ನಿಜ. ಆದರೆ ಅದಕ್ಕೆ ಗಡ್ಡೆ ಒಂದೇ ಇದ್ದು 5 ಸೆಂಟಿಮೀಟರ್ ಒಳಗಿರಬೇಕು, ಅಥವಾ ಮೂರರವರೆಗೆ ಇದ್ದು ಪ್ರತಿಯೊಂದೂ 3 ಸೆಂಟಿಮೀಟರ್ ಒಳಗಿರಬೇಕು ಎಂಬ 1996ರ ಮಿಲಾನ್ ಅಳತೆಗೋಲು ಇವತ್ತಿಗೂ ಮೂಲ ಆಧಾರ. ಅದರ ಮೇಲೆ ದಾನಿ ಸಿಗಬೇಕು. ಕರ್ನಾಟಕದಲ್ಲಿ ಮೃತರ ಅಂಗಾಂಗ ಹಂಚುವ ಜೀವಸಾರ್ಥಕತೆ ಸಂಸ್ಥೆಯ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿದ ಮಾತ್ರಕ್ಕೆ ಲಿವರ್ ಸಿಕ್ಕಿಬಿಡುವುದಿಲ್ಲ.

ಹಾಗಾಗಿ ‘ಆಪರೇಷನ್ ಆಗುದಿಲ್ಲ’ ಅನ್ನುವ ಮಾತಿನ ಅರ್ಥ ಇಷ್ಟೇ: ಚಾಕು ಈಗ ಸರಿಯಾದ ಸಾಧನ ಅಲ್ಲ. ಬೇರೆ ಸಾಧನ ಇಲ್ಲ ಅಂತಲ್ಲ.

ರೇಡಿಯೇಷನ್‌ಗೆ ಲಿವರ್ ಯಾಕೆ ಕಷ್ಟದ ಅಂಗ?

ಬಹಳ ವರ್ಷ ಲಿವರ್ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡಲು ಡಾಕ್ಟರುಗಳು ಹಿಂಜರಿಯುತ್ತಿದ್ದರು. ಇಡೀ ಲಿವರ್ ಸಹಿಸಿಕೊಳ್ಳುವುದು ಸುಮಾರು 30 ಗ್ರೇ. ಗ್ರೇ ಅಂದರೆ ಒಂದು ಕಿಲೋ ಅಂಗಾಂಶ ಹೀರಿಕೊಳ್ಳುವ ವಿಕಿರಣ ಶಕ್ತಿಯ ಅಳತೆ. ಗಡ್ಡೆಯನ್ನು ಕೊಲ್ಲಲು ಅದಕ್ಕಿಂತ ಹೆಚ್ಚು ಬೇಕು. ಅಂದರೆ ಗಡ್ಡೆ ಸಾಯುವ ಮೊದಲೇ ಲಿವರ್ ಸಾಯುತ್ತದೆ. ಹಾಗಾಗಿ ಎಲ್ಲ ಪ್ರಶ್ನೆ ಬಂದು ನಿಲ್ಲುವುದು ಗುರಿಯ ಮೇಲೆ: ಗಡ್ಡೆಗೆ ಪೂರ್ತಿ ಡೋಸ್, ಪಕ್ಕದ ಲಿವರ್‌ಗೆ ಆದಷ್ಟು ಕಡಿಮೆ. ಇದಕ್ಕೆ ಈಗ ಎರಡು ದಾರಿಗಳಿವೆ. ಒಂದು ಒಳಗಿನಿಂದ, ಇನ್ನೊಂದು ಹೊರಗಿನಿಂದ.

ಒಳಗಿನ ದಾರಿ: ಗಾಜಿನ ಕಣಗಳು

ಅಡಿಕೆ ತೋಟಕ್ಕೆ ಎರಡು ಪೈಪ್‌ಲೈನ್ ಇದೆ ಅಂದುಕೊಳ್ಳಿ. ದೊಡ್ಡ ಲೈನಿನಿಂದ ಮುಕ್ಕಾಲು ಪಾಲು ನೀರು, ಸಣ್ಣ ಲೈನಿನಿಂದ ಕಾಲು ಪಾಲು. ಮರಗಳು ಮುಖ್ಯವಾಗಿ ದೊಡ್ಡ ಲೈನನ್ನು ನಂಬಿಕೊಂಡಿವೆ. ಆದರೆ ತೋಟದಲ್ಲಿ ಎದ್ದ ಒಂದು ಕಳೆ ಮಾತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ಸಣ್ಣ ಲೈನಿನ ನೀರು ಕುಡಿದು ಬೆಳೆಯುತ್ತಿದೆ. ಆಗ ಕಳೆಮದ್ದನ್ನು ಎಲ್ಲಿ ಬಿಡುತ್ತೀರಿ? ಸಣ್ಣ ಲೈನಿಗೆ, ಅದೂ ಕಳೆಯ ಹತ್ತಿರದ ವಾಲ್ವಿನಲ್ಲಿ.

ಲಿವರ್ ನಿಜವಾಗಿಯೂ ಹೀಗೇ ಇದೆ. ಅದಕ್ಕೆ ಬರುವ ರಕ್ತದಲ್ಲಿ ಸುಮಾರು 75 ಶೇಕಡಾ ಕರುಳಿನಿಂದ ಬರುವ ಪೋರ್ಟಲ್ ರಕ್ತನಾಳದ್ದು, ಉಳಿದದ್ದು ಹೆಪಾಟಿಕ್ ಅಪಧಮನಿಯದ್ದು. ಗಡ್ಡೆ ಮಾತ್ರ ತನ್ನ ರಕ್ತದ ಬಹುಪಾಲನ್ನು ಅಪಧಮನಿಯಿಂದಲೇ ಎಳೆದುಕೊಳ್ಳುತ್ತದೆ. ಡಾಕ್ಟರು ತೊಡೆಯ ಸಂದಿಯ ಅಥವಾ ಕೈ ಮಣಿಕಟ್ಟಿನ ರಕ್ತನಾಳದಿಂದ ತೆಳುವಾದ ನಳಿಕೆಯೊಂದನ್ನು ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತ ಗಡ್ಡೆಗೆ ರಕ್ತ ಕೊಡುವ ಕವಲಿನವರೆಗೆ ಒಯ್ಯುತ್ತಾರೆ. ಅಲ್ಲಿ ವಿಕಿರಣ ಸೂಸುವ ಯಿಟ್ರಿಯಂ-90 ತುಂಬಿದ ಸೂಕ್ಷ್ಮ ಕಣಗಳನ್ನು ಬಿಡುತ್ತಾರೆ. ಇದಕ್ಕೆ ರೇಡಿಯೋಎಂಬೊಲೈಸೇಷನ್ ಎನ್ನುತ್ತಾರೆ, ಆಸ್ಪತ್ರೆಯ ಚೀಟಿಗಳಲ್ಲಿ ‘ಟೇರ್’ ಅಥವಾ ‘ವೈ-90’ ಅಂತ ಇರುತ್ತದೆ.

ಕಣಗಳು ಎಷ್ಟು ಸಣ್ಣವು? ಗಾಜಿನ ಕಣ 20ರಿಂದ 30 ಮೈಕ್ರಾನ್, ರೆಸಿನ್ ಕಣ 20ರಿಂದ 60 ಮೈಕ್ರಾನ್. ತಲೆಕೂದಲಿನ ದಪ್ಪಕ್ಕಿಂತ ಕಡಿಮೆ. ಗಡ್ಡೆಯ ಒಳಗಿನ ಕಿರಿದಾದ ನಾಳಗಳಲ್ಲಿ ಸಿಕ್ಕಿಕೊಳ್ಳುವಷ್ಟು ದೊಡ್ಡವು, ಅಲ್ಲಿವರೆಗೆ ಹರಿದು ಹೋಗುವಷ್ಟು ಸಣ್ಣವು. ಲಕ್ಷಗಟ್ಟಲೆ ಕಣಗಳು ಅಲ್ಲೇ ಕೂತು ಬೀಟಾ ಕಿರಣ ಸೂಸುತ್ತವೆ. ಆ ಕಿರಣ ಅಂಗಾಂಶದಲ್ಲಿ ಸರಾಸರಿ 2.5 ಮಿಲಿಮೀಟರ್, ಹೆಚ್ಚೆಂದರೆ 11 ಮಿಲಿಮೀಟರ್ ಹೋಗುತ್ತದೆ. ಹಾಗಾಗಿಯೇ ಗಡ್ಡೆಗೆ 200 ಗ್ರೇ ದಾಟಿ ಡೋಸ್ ಕೊಟ್ಟರೂ ಪಕ್ಕದ ಲಿವರ್ ಬದುಕುತ್ತದೆ. ಹಾಗಾಗಿಯೇ ಚಿಕಿತ್ಸೆ ಪಡೆದವರ ಪಕ್ಕ ಕೂತು ಊಟ ಮಾಡಬಹುದು. ಗರ್ಭಿಣಿಯರು ಮತ್ತು ಸಣ್ಣ ಮಕ್ಕಳಿಂದ ಕೆಲವು ದಿನ ಸ್ವಲ್ಪ ಅಂತರ ಇಟ್ಟುಕೊಳ್ಳಿ ಅನ್ನುತ್ತಾರೆ, ಅಷ್ಟೇ. ‘ಮೈಯೆಲ್ಲ ರೇಡಿಯೇಷನ್’ ಅನ್ನುವ ಊರ ಮಾತಿಗೆ ಆಧಾರ ಇಲ್ಲ.

ಇದು ಒಂದೇ ದಿನದ ಕೆಲಸ ಅಲ್ಲ. ಮೊದಲು ಒಂದು ರಿಹರ್ಸಲ್ ನಡೆಯುತ್ತದೆ. ಅದೇ ನಳಿಕೆಯಲ್ಲಿ, ಟೆಕ್ನೀಷಿಯಂ-99ಎಂ ಅಂಟಿಸಿದ ಪ್ರೋಟೀನ್ ಕಣಗಳನ್ನು ಬಿಟ್ಟು ಅವು ಎಲ್ಲಿಗೆ ಹೋಗುತ್ತವೆ ಎಂದು ಸ್ಕ್ಯಾನ್‌ನಲ್ಲಿ ನೋಡುತ್ತಾರೆ. ಗಡ್ಡೆಯ ಒಳಗೆ ಅಡ್ಡದಾರಿಗಳಿದ್ದರೆ ಕಣಗಳು ಶ್ವಾಸಕೋಶಕ್ಕೆ ಹಾರಬಹುದು, ಹೊಟ್ಟೆಗೆ ಹೋಗುವ ಕವಲು ಹಿಡಿದರೆ ಅಲ್ಸರ್ ಆಗಬಹುದು. ಶ್ವಾಸಕೋಶಕ್ಕೆ ಒಂದು ಸಲಕ್ಕೆ 30 ಗ್ರೇ ದಾಟುವ ಹಾಗಿದ್ದರೆ ಡೋಸ್ ಇಳಿಸಬೇಕು, ಇಲ್ಲವೇ ಚಿಕಿತ್ಸೆಯನ್ನೇ ಕೈಬಿಡಬೇಕು. ಈ ಲೆಕ್ಕ ಸರಿಯಾದ ಮೇಲೆಯೇ ಅಸಲಿ ಕಣಗಳಿಗೆ ಆರ್ಡರ್.

ಹೊರಗಿನ ದಾರಿ: ಉಸಿರಾಡುವ ಗುರಿ

ಎರಡನೆಯದರ ಹೆಸರು ಸ್ಟೀರಿಯೋಟಾಕ್ಟಿಕ್ ಬಾಡಿ ರೇಡಿಯೇಷನ್, ಚಿಕ್ಕದಾಗಿ ಎಸ್‌ಬಿಆರ್‌ಟಿ. ಇಲ್ಲಿ ಚುಚ್ಚುವುದು, ನಳಿಕೆ ಯಾವುದೂ ಇಲ್ಲ. ಲೀನಿಯರ್ ಆಕ್ಸಲರೇಟರ್ ಎಂಬ ಯಂತ್ರ ಬೇರೆ ಬೇರೆ ಕೋನಗಳಿಂದ ಸಣ್ಣ ಸಣ್ಣ ಎಕ್ಸ್‌ರೇ ಕಿರಣಗಳನ್ನು ಕಳಿಸುತ್ತದೆ. ಒಂದೊಂದು ಕಿರಣವೂ ದುರ್ಬಲ, ಎಲ್ಲವೂ ಸೇರುವ ಬಿಂದುವಿನಲ್ಲಿ ಮಾತ್ರ ಪ್ರಬಲ. ಆ ಬಿಂದು ಗಡ್ಡೆಯ ಮೇಲಿರಬೇಕು.

ತೊಂದರೆ ಎಲ್ಲಿ ಅಂದರೆ, ಲಿವರ್ ಸುಮ್ಮನೆ ಕೂರುವುದಿಲ್ಲ. ಪ್ರತಿ ಉಸಿರಿಗೂ ಅದು ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಆಡುತ್ತದೆ. ಹಾಗಾಗಿ ಉಸಿರಾಟದ ಎಲ್ಲ ಹಂತಗಳ ಸಿಟಿ ಸ್ಕ್ಯಾನ್ ತೆಗೆದು, ಉಸಿರು ಬಿಗಿಹಿಡಿಸಿ ಅಥವಾ ಗಡ್ಡೆ ಗುರಿಯೊಳಗೆ ಬಂದಾಗ ಮಾತ್ರ ಕಿರಣ ಬಿಡುವಂತೆ ಯಂತ್ರವನ್ನು ಹೊಂದಿಸುತ್ತಾರೆ. ಸಾಮಾನ್ಯವಾಗಿ ಐದು ಸಲ ಹೋಗಿ ಬಂದರೆ ಮುಗಿಯಿತು. ರಾತ್ರಿ ಮನೆಯಲ್ಲೇ ಮಲಗಬಹುದು. ಬಜಗೋಳಿಯಿಂದ ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ ಬರುವವರಿಗೆ ಈ ‘ಐದು ಸಲ’ ಬಹಳ ಮುಖ್ಯ. ಹಳೆಯ ಶೈಲಿಯ ಐದಾರು ವಾರಗಳ ರೇಡಿಯೇಷನ್ ಅಂದರೆ ಜೊತೆಗೆ ಹೋಗುವವರ ಕೂಲಿಯೂ ಹೋಯಿತು ಅಂತಲೇ ಅರ್ಥ.

ಪುರಾವೆ ಏನು ಹೇಳುತ್ತದೆ?

ಇಲ್ಲಿ ಎಚ್ಚರ ಬೇಕು. ಆಸ್ಪತ್ರೆಗಳ ಜಾಹೀರಾತಿನಲ್ಲಿ ‘ಅತ್ಯಾಧುನಿಕ’ ಅನ್ನುವ ಪದ ಬರುತ್ತದೆ, ಸಂಖ್ಯೆಗಳು ಬರುವುದಿಲ್ಲ. ಸಂಖ್ಯೆಗಳನ್ನೇ ನೋಡೋಣ.

ಮುಂದುವರಿದ ಲಿವರ್ ಕ್ಯಾನ್ಸರ್ ರೋಗಿಗಳಲ್ಲಿ ಯಿಟ್ರಿಯಂ ಕಣಗಳನ್ನು ಸೊರಾಫೆನಿಬ್ ಎಂಬ ಮಾತ್ರೆಯ ಎದುರು ಇಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳಿವೆ. ಫ್ರಾನ್ಸಿನ ಸಾರಾ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು: ಕಣಗಳನ್ನು ಪಡೆದವರ ಮಧ್ಯಮ ಆಯುಷ್ಯ 8.0 ತಿಂಗಳು, ಮಾತ್ರೆ ಪಡೆದವರದ್ದು 9.9 ತಿಂಗಳು. ಏಷ್ಯಾ ಪೆಸಿಫಿಕ್ ದೇಶಗಳ ಸರ್ವ್‌ನಿಬ್ ಪ್ರಯೋಗದಲ್ಲಿ, 2018ರಲ್ಲಿ, 8.8 ಮತ್ತು 10.0 ತಿಂಗಳು. ಅಂದರೆ ಆಯುಷ್ಯ ಹೆಚ್ಚಲಿಲ್ಲ. ಅಡ್ಡಪರಿಣಾಮಗಳು ಕಡಿಮೆ ಇದ್ದವು, ಅದು ಸಣ್ಣ ವಿಷಯ ಅಲ್ಲ. ಆದರೆ ‘ಇದು ಹಾಕಿಸಿದ್ರೆ ಜಾಸ್ತಿ ದಿನ ಬದುಕ್ತಾರೆ’ ಎಂದು ಎಲ್ಲರಿಗೂ ಹೇಳಿ ಹಣ ಕಟ್ಟಿಸಿಕೊಳ್ಳಲು ಈ ಪ್ರಯೋಗಗಳು ಅವಕಾಶ ಕೊಡುವುದಿಲ್ಲ.

ಹಾಗಂತ ಕತೆ ಅಲ್ಲಿಗೆ ಮುಗಿಯಲಿಲ್ಲ. ಆ ಪ್ರಯೋಗಗಳಲ್ಲಿ ಡೋಸ್ ಲೆಕ್ಕ ಹಾಕಿದ್ದು ಒರಟಾಗಿ. 2021ರಲ್ಲಿ ಪ್ರಕಟವಾದ ಡೋಸಿಸ್ಫಿಯರ್ ಎಂಬ 60 ರೋಗಿಗಳ ಸಣ್ಣ ಪ್ರಯೋಗ ಬೇರೆ ಪ್ರಶ್ನೆ ಕೇಳಿತು: ಮುಖ್ಯ ಗಡ್ಡೆಗೆ ಕನಿಷ್ಠ 205 ಗ್ರೇ ತಲುಪುವಂತೆ ರೋಗಿಯಿಂದ ರೋಗಿಗೆ ಪ್ರತ್ಯೇಕ ಲೆಕ್ಕ ಹಾಕಿದರೆ? ಮಧ್ಯಮ ಆಯುಷ್ಯ 10.7 ತಿಂಗಳಿಂದ 26.6 ತಿಂಗಳಿಗೆ ಏರಿತು. ಅದೇ ಕಣ, ಅದೇ ನಳಿಕೆ, ಲೆಕ್ಕ ಮಾತ್ರ ಬೇರೆ. ಎಂಜಿನಿಯರಿಂಗ್ ಓದಿದವರಿಗೆ ಇದರಲ್ಲಿ ಆಶ್ಚರ್ಯ ಇರಲಿಕ್ಕಿಲ್ಲ: ಉಪಕರಣದಷ್ಟೇ ಮುಖ್ಯವಾದದ್ದು ಅಳತೆ.

ಅದೇ ವರ್ಷ ಲೆಗಸಿ ಎಂಬ ಅಧ್ಯಯನ ಇನ್ನೊಂದು ಗುಂಪನ್ನು ನೋಡಿತು. ಒಂದೇ ಗಡ್ಡೆ, 8 ಸೆಂಟಿಮೀಟರ್ ಒಳಗೆ, ಲಿವರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ, ರೋಗಿ ಓಡಾಡಿಕೊಂಡಿದ್ದಾರೆ. ಇಂಥ 162 ಜನರಲ್ಲಿ ಮೂರು ವರ್ಷದ ಬಳಿಕ ಬದುಕಿದ್ದವರು 86.6 ಶೇಕಡಾ. ಅವರಲ್ಲಿ ಕೆಲವರು ನಡುವೆ ಕಸಿಗೋ ಆಪರೇಷನ್‌ಗೋ ಅರ್ಹರಾದರು. ಇದು ಹಳೆಯ ದಾಖಲೆಗಳನ್ನು ಹಿಂದಿರುಗಿ ನೋಡಿದ ಅಧ್ಯಯನ, ಎದುರು ಗುಂಪು ಇರಲಿಲ್ಲ. ಹಾಗಿದ್ದರೂ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಗಾಜಿನ ಕಣಗಳಿಗೆ ಪೂರ್ಣ ಅನುಮತಿ ಕೊಟ್ಟದ್ದು ಇದರ ಬಲದ ಮೇಲೆ. 2022ರಲ್ಲಿ ಪರಿಷ್ಕೃತವಾದ ಬಾರ್ಸಿಲೋನಾ ಚಿಕಿತ್ಸಾ ಮಾರ್ಗಸೂಚಿಯಲ್ಲೂ ಇಂಥ ಒಂಟಿ ಗಡ್ಡೆಗಳಿಗೆ ಈ ಚಿಕಿತ್ಸೆ ಜಾಗ ಪಡೆಯಿತು.

ಇನ್ನು ಹೊರಗಿನ ದಾರಿ. ಆರ್‌ಟಿಒಜಿ 1112 ಎಂಬ ಪ್ರಯೋಗದಲ್ಲಿ ಆಪರೇಷನ್ ಮಾಡಲಾಗದ 177 ರೋಗಿಗಳನ್ನು ಎರಡು ಗುಂಪು ಮಾಡಿದರು. ಬರೀ ಸೊರಾಫೆನಿಬ್ ಪಡೆದವರ ಮಧ್ಯಮ ಆಯುಷ್ಯ 12.3 ತಿಂಗಳು, ಮೊದಲು ಎಸ್‌ಬಿಆರ್‌ಟಿ ಪಡೆದು ಆಮೇಲೆ ಮಾತ್ರೆ ತಗೊಂಡವರದ್ದು 15.8 ತಿಂಗಳು. ಕ್ಯಾನ್ಸರ್ ಮುಂದುವರಿಯದೆ ನಿಂತ ಅವಧಿ 5.5 ತಿಂಗಳಿಂದ 9.2 ತಿಂಗಳಿಗೆ ಹೋಯಿತು. ಈ ಪ್ರಯೋಗ ನಡೆಯುತ್ತಿರುವಾಗಲೇ ಇಮ್ಯುನೋಥೆರಪಿ ಬಂದು ಸೊರಾಫೆನಿಬ್ ಹಿಂದೆ ಸರಿಯಿತು, ಹಾಗಾಗಿ ಪ್ರಯೋಗವನ್ನು ನಿಗದಿಗಿಂತ ಮೊದಲೇ ನಿಲ್ಲಿಸಬೇಕಾಯಿತು. ಪುರಾವೆ ಪೂರ್ತಿ ಅಲ್ಲ, ಆದರೆ ದಿಕ್ಕು ಸ್ಪಷ್ಟ.

ಒಟ್ಟಿನಲ್ಲಿ ಹೇಳುವುದಾದರೆ: ಲಿವರ್ ಇನ್ನೂ ಕೆಲಸ ಮಾಡುತ್ತಿರುವಾಗ, ಕ್ಯಾನ್ಸರ್ ಲಿವರ್‌ನೊಳಗೇ ಇರುವಾಗ, ಸರಿಯಾಗಿ ಲೆಕ್ಕ ಹಾಕಿ ಕೊಟ್ಟರೆ ಗುರಿಯಿಟ್ಟ ರೇಡಿಯೇಷನ್‌ಗೆ ದೊಡ್ಡ ಬೆಲೆ ಇದೆ. ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾಗಿ, ರೋಗಿ ಹಾಸಿಗೆ ಹಿಡಿದ ಮೇಲೆ ಅದೇ ಚಿಕಿತ್ಸೆ ಲಾಭಕ್ಕಿಂತ ಹಾನಿಯನ್ನೇ ಹೆಚ್ಚು ಮಾಡಬಹುದು.

ಯಾರೂ ಮಾತಾಡದ ಒಂದು ದಿನದ ಚಿಕಿತ್ಸೆ

ಹಾಗಾದರೆ ಆ ಹಂತ ದಾಟಿದವರಿಗೆ ಏನೂ ಇಲ್ಲವೇ? ಇದೆ. ಲಿವರ್ ಗಡ್ಡೆ ದೊಡ್ಡದಾಗಿ ಅದರ ಹೊದಿಕೆ ಹಿಗ್ಗಿದಾಗ ಬರುವ ನೋವು ಭಯಂಕರ. ಕೆನಡಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೊನೆಯ ಹಂತದ ರೋಗಿಗಳಿಗೆ ಲಿವರ್ ಮೇಲೆ ಒಂದೇ ಸಲ 8 ಗ್ರೇ ರೇಡಿಯೇಷನ್ ಕೊಟ್ಟರು. ತಿಂಗಳ ನಂತರ ಪರೀಕ್ಷಿಸಲಾದವರಲ್ಲಿ 67 ಶೇಕಡಾ ಜನರಿಗೆ ನೋವು ಕಡಿಮೆಯಾಗಿತ್ತು. ರೇಡಿಯೇಷನ್ ಇಲ್ಲದೆ ಬರೀ ಆರೈಕೆ ಪಡೆದವರಲ್ಲಿ ಇದು 22 ಶೇಕಡಾ.

ಇದಕ್ಕೆ ಆಮದು ಕಣ ಬೇಡ, ಅತಿ ದುಬಾರಿ ತಂತ್ರಜ್ಞಾನ ಬೇಡ. ಸಾಮಾನ್ಯ ರೇಡಿಯೇಷನ್ ಯಂತ್ರ, ಒಂದು ದಿನ, ವಾಂತಿಯಾಗದಂತೆ ಒಂದು ಮಾತ್ರೆ. ಇದು ಆಯುಷ್ಯ ಹೆಚ್ಚಿಸುವ ಚಿಕಿತ್ಸೆ ಅಲ್ಲ, ಉಳಿದ ದಿನಗಳಲ್ಲಿ ನಿದ್ದೆ ಬರುವಂತೆ ಮಾಡುವ ಚಿಕಿತ್ಸೆ. ಮನೆಗೆ ಕರ್ಕೊಂಡು ಹೋಗಿ ಅನ್ನುವ ಮೊದಲು ‘ನೋವಿಗೆ ಒಂದು ಸಲದ ರೇಡಿಯೇಷನ್ ಆಗ್ತದಾ?’ ಎಂದು ಕೇಳುವ ಹಕ್ಕು ಪ್ರತಿ ಮನೆಯವರಿಗೂ ಇದೆ. ಇದಕ್ಕೆ ಜಾಹೀರಾತು ಇಲ್ಲ, ಯಾಕೆಂದರೆ ಇದರಲ್ಲಿ ಯಾರಿಗೂ ದೊಡ್ಡ ಲಾಭ ಇಲ್ಲ.

ಮಲ್ಪೆಯ ಮೀನು ಮತ್ತು ಟ್ರಾಂಬೆಯ ಗಾಜು

ಈಗ ರಾಜಕೀಯಕ್ಕೆ ಬರೋಣ. ಯಿಟ್ರಿಯಂ-90ರ ಅರ್ಧಾಯು ಸುಮಾರು 64 ಗಂಟೆ. ಸೋಮವಾರ ಬೆಳಿಗ್ಗೆ 8 ಗಂಟೆಗೆ ಇದ್ದ ಶಕ್ತಿ ಬುಧವಾರ ಮಧ್ಯರಾತ್ರಿಗೆ ಅರ್ಧ, ಶನಿವಾರ ಸಂಜೆ 4 ಗಂಟೆಗೆ ಕಾಲು. ಮಲ್ಪೆಯ ಮೀನಿಗಾದರೂ ಐಸ್ ಹಾಕಿ ಎರಡು ದಿನ ಹೆಚ್ಚು ಇಡಬಹುದು. ವಿಕಿರಣಕ್ಕೆ ಯಾವ ಐಸೂ ತಾಗುವುದಿಲ್ಲ. ಹೊರದೇಶದ ಕಾರ್ಖಾನೆಯಿಂದ ಹೊರಟ ಡೋಸ್ ವಿಮಾನ, ಕಸ್ಟಮ್ಸ್, ರಸ್ತೆ ದಾಟಿ ಬರುವಷ್ಟರಲ್ಲಿ ಕರಗುತ್ತಲೇ ಇರುತ್ತದೆ. ಅದನ್ನೆಲ್ಲ ಮೊದಲೇ ಲೆಕ್ಕ ಹಾಕಿ ತರಿಸಬೇಕು. ರೋಗಿಗೆ ಆ ದಿನ ಜ್ವರ ಬಂದರೆ ಲಕ್ಷಗಟ್ಟಲೆ ರೂಪಾಯಿಯ ಡೋಸ್ ಸುಮ್ಮನೆ ಪೆಟ್ಟಿಗೆಯಲ್ಲೇ ಸಾಯುತ್ತದೆ. ಆಮದು ಕಣಗಳ ಬೆಲೆಯೇ ಹಲವು ಲಕ್ಷ, ಅದರ ಮೇಲೆ ಎರಡು ಸಲದ ಆಂಜಿಯೋಗ್ರಾಂ, ಸ್ಕ್ಯಾನ್, ಆಸ್ಪತ್ರೆ ಖರ್ಚು.

ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ ತನ್ನದೇ ಯಿಟ್ರಿಯಂ ಗಾಜಿನ ಕಣಗಳನ್ನು ಮಾಡಿದೆ, ಹೆಸರು ಭಾಭಾಸ್ಫಿಯರ್. ಮಾಡುವ ವಿಧಾನ ಅಷ್ಟೇ ಸೊಗಸು: ಸಾಮಾನ್ಯ, ವಿಕಿರಣವಿಲ್ಲದ ಯಿಟ್ರಿಯಂ-89 ಸೇರಿಸಿ ಗಾಜು ಕರಗಿಸಿ ಕಣ ಮಾಡುತ್ತಾರೆ. ಆ ಕಣಗಳನ್ನು ಅಣುಸ್ಥಾವರದೊಳಗೆ ಇಟ್ಟಾಗ ಯಿಟ್ರಿಯಂ ಪರಮಾಣುಗಳಲ್ಲಿ ಕೆಲವು ಒಂದೊಂದು ನ್ಯೂಟ್ರಾನ್ ನುಂಗಿ ಯಿಟ್ರಿಯಂ-90 ಆಗುತ್ತವೆ. ವಿಕಿರಣ ಗಾಜಿನೊಳಗೇ ಹುಟ್ಟುತ್ತದೆ, ಗಾಜಿನೊಳಗೇ ಉಳಿಯುತ್ತದೆ. ಟ್ರಾಂಬೆಯಲ್ಲಿ 1985ರಿಂದ ಇರುವ ಧ್ರುವ ಸಂಶೋಧನಾ ಸ್ಥಾವರ ನಮ್ಮದೇ ತೆರಿಗೆ ಹಣದ್ದು. ಕೈಗಾದ ಅಣುಸ್ಥಾವರದ ಬಗ್ಗೆ ಕರಾವಳಿಯಲ್ಲಿ ದಶಕಗಳ ಚರ್ಚೆ, ಹೋರಾಟ ನಡೆದಿದೆ, ನಡೆಯಲಿ. ಆದರೆ ಅಣು ವಿಜ್ಞಾನದ ಈ ಮುಖದ ಬಗ್ಗೆ ನಾವು ಒಂದು ಪ್ರಶ್ನೆಯನ್ನೂ ಕೇಳಿಲ್ಲ: ದೇಶದೊಳಗೇ ಮಾಡಲು ಬರುವ ಕಣ ದೇಶದ ಎಷ್ಟು ಆಸ್ಪತ್ರೆಗಳಿಗೆ, ಯಾವ ಬೆಲೆಗೆ, ವಾರಕ್ಕೆ ಎಷ್ಟು ಸಲ ತಲುಪುತ್ತಿದೆ? ಪ್ರಯೋಗಾಲಯದ ಸಾಧನೆ ಪತ್ರಿಕಾ ಪ್ರಕಟಣೆಯಲ್ಲಿ ಮುಗಿಯಬಾರದು, ವಾರ್ಡಿನವರೆಗೆ ಬರಬೇಕು.

ಎರಡನೇ ಪ್ರಶ್ನೆ ವಿಮೆಯದ್ದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ 30 ಶೇಕಡಾ, 1.5 ಲಕ್ಷದವರೆಗೆ. ಯೋಜನೆಯಲ್ಲಿ ಪ್ರತಿ ಚಿಕಿತ್ಸೆಗೂ ಒಂದು ಪ್ಯಾಕೇಜು, ಒಂದು ದರ. ಬಜಗೋಳಿಯ ಬೀಡಿ ಕಟ್ಟುವ ಹೆಂಗಸಿಗೆ ಎಸ್‌ಬಿಆರ್‌ಟಿ ಸಿಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಬರೀ ಯಂತ್ರ ಅಲ್ಲ, ಆ ದರಪಟ್ಟಿ. ದರ ತೀರಾ ಕಡಿಮೆ ಇಟ್ಟರೆ ಖಾಸಗಿ ಆಸ್ಪತ್ರೆ ಹಿಂದೆ ಸರಿಯುತ್ತದೆ. ಹೆಚ್ಚಿಟ್ಟರೆ ಬೇಡದವರಿಗೂ ಚಿಕಿತ್ಸೆ ಮಾಡುವ ಆಸೆ ಹುಟ್ಟುತ್ತದೆ. ಇದು ಪಕ್ಕಾ ರಾಜಕೀಯ ನಿರ್ಧಾರ, ಆದರೆ ಯಾವ ಚುನಾವಣಾ ಭಾಷಣದಲ್ಲೂ ಕೇಳಿಬರುವುದಿಲ್ಲ.

ಮೂರನೆಯದು ಸಾರ್ವಜನಿಕ ಆಸ್ಪತ್ರೆಗಳದ್ದು. 2011ರ ಜನಗಣತಿಯಲ್ಲೇ 11.77 ಲಕ್ಷ ಜನರಿದ್ದ ಉಡುಪಿ ಜಿಲ್ಲೆಯಲ್ಲಿ ಒಂದೂ ಸರ್ಕಾರಿ ವೈದ್ಯಕೀಯ ಕಾಲೇಜಿಲ್ಲ. 1953ರಲ್ಲಿ ಮಣಿಪಾಲದಲ್ಲಿ ಟಿ.ಎಂ.ಎ. ಪೈ ಖಾಸಗಿ ವೈದ್ಯಕೀಯ ಕಾಲೇಜು ಕಟ್ಟಿದರು, ಅದು ಈ ಜಿಲ್ಲೆಯ ಹೆಮ್ಮೆ. ಅದೇ ಸರ್ಕಾರಕ್ಕೆ ನೆಪವೂ ಆಯಿತು: ‘ಮಣಿಪಾಲ ಇದೆಯಲ್ಲ!’ ಹಾಗಾಗಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಿಂದ ರೆಫರಲ್ ಚೀಟಿ ಹಿಡಿದು ಖಾಸಗಿ ಆಸ್ಪತ್ರೆಗೆ ಹೋಗುವುದೇ ಇಲ್ಲಿನ ವ್ಯವಸ್ಥೆ. ಸರ್ಕಾರದ ದೊಡ್ಡ ಕ್ಯಾನ್ಸರ್ ಸಂಸ್ಥೆ ಕಿದ್ವಾಯಿ ಇರುವುದು 300 ಕಿಲೋಮೀಟರಿಗೂ ದೂರದ ಬೆಂಗಳೂರಿನಲ್ಲಿ. 2025ರ ಕೇಂದ್ರ ಬಜೆಟ್ಟಿನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇಕೇರ್ ಕೇಂದ್ರ ಎಂದು ಘೋಷಿಸಿದರು. ಅದು ಮುಖ್ಯವಾಗಿ ಕೀಮೋ ಕೊಡುವ ಜಾಗ. ರೇಡಿಯೇಷನ್ ಯಂತ್ರದ ಮಾತು ಅಲ್ಲಿಲ್ಲ.

ದಾರಿ ಇಲ್ಲವೆಂದಲ್ಲ. ಟಾಟಾ ಸ್ಮಾರಕ ಆಸ್ಪತ್ರೆಯ ನೇತೃತ್ವದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ ಆಸ್ಪತ್ರೆಗಳು ಒಟ್ಟಾಗಿ 40 ಕ್ಯಾನ್ಸರ್ ಔಷಧಿಗಳಿಗೆ ಚೌಕಾಸಿ ಮಾಡಿದಾಗ ಬೆಲೆ 23 ಶೇಕಡಾದಿಂದ ಹಿಡಿದು 99 ಶೇಕಡಾದವರೆಗೂ ಇಳಿಯಿತು. ಒಬ್ಬೊಬ್ಬರೇ ಕೊಂಡರೆ ಒಂದು ಬೆಲೆ, ಸೇರಿ ಕೊಂಡರೆ ಇನ್ನೊಂದು. ಹಾಲಿನ ಸೊಸೈಟಿ ನಡೆಸಿ ಗೊತ್ತಿರುವ ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಯಿಟ್ರಿಯಂ ಕಣಗಳಿಗೂ ಇದನ್ನೇ ಮಾಡಬಹುದು.

‘ಕುಡೀತಿದ್ರಾ?’

ಲಿವರ್ ಕ್ಯಾನ್ಸರ್ ಅಂದ ತಕ್ಷಣ ನೆಂಟರು ಕೇಳುವ ಮೊದಲ ಪ್ರಶ್ನೆ ಇದು. ಒಂದು ಹನಿ ಮುಟ್ಟದವರ ಮನೆಯಲ್ಲೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ ಭಾರತದಲ್ಲಿ ಸುಮಾರು 2.98 ಕೋಟಿ ಜನರಲ್ಲಿ ಹೆಪಟೈಟಿಸ್ ಬಿ, 55 ಲಕ್ಷ ಜನರಲ್ಲಿ ಹೆಪಟೈಟಿಸ್ ಸಿ ಇದೆ. ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ತಾಯಿಯಿಂದ ಮಗುವಿಗೆ, ಸೂಜಿಯಿಂದ, ರಕ್ತದಿಂದ ಬಂದ ವೈರಸ್ಸಿಗೆ ಯಾವ ನೈತಿಕ ತೀರ್ಪೂ ಅನ್ವಯಿಸುವುದಿಲ್ಲ. ಕುಡಿದೇ ಕಾಯಿಲೆ ಬಂದಿದ್ದರೂ ಅವರು ರೋಗಿಯೇ. ಮದ್ಯದ ಅಬಕಾರಿ ಸುಂಕದಲ್ಲಿ ಗ್ಯಾರಂಟಿಯಿಂದ ಹಿಡಿದು ರಸ್ತೆಯವರೆಗೆ ನಡೆಸುವ ಸರ್ಕಾರಕ್ಕೆ ಅವರ ಲಿವರ್ ಮೇಲೆ ಜವಾಬ್ದಾರಿ ಇಲ್ಲ ಅನ್ನಲು ಬರುವುದಿಲ್ಲ.

ಇದನ್ನು ಓದುತ್ತಿರುವ ನಿಮಗೂ ಒಂದು ಮಾತು. ಹೆಪಟೈಟಿಸ್ ಬಿ ಲಸಿಕೆ ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ 2002ರ ಹೊತ್ತಿಗೆ ಪ್ರಾಯೋಗಿಕವಾಗಿ ಶುರುವಾಗಿ ದೇಶದೆಲ್ಲೆಡೆ ಮುಟ್ಟಿದ್ದು 2011ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರಿಗೆ ಈ ಲಸಿಕೆ ಸಿಕ್ಕಿರದ ಸಾಧ್ಯತೆಯೇ ಹೆಚ್ಚು. ಒಂದು ಸಣ್ಣ ರಕ್ತ ಪರೀಕ್ಷೆ ಸಾಕು. ವೈರಸ್ ಇಲ್ಲದಿದ್ದರೆ ಮೂರು ಡೋಸ್ ಲಸಿಕೆ. ಇದ್ದರೆ 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಉಚಿತ. ಮನೆಯಲ್ಲಿ ಸಿರೋಸಿಸ್ ಇರುವವರಿದ್ದರೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ. ಗಡ್ಡೆ 2 ಸೆಂಟಿಮೀಟರ್ ಇದ್ದಾಗ ಸಿಕ್ಕಿದರೆ ಈ ಲೇಖನದ ಅರ್ಧ ಸಂಗತಿಗಳು ನಿಮಗೆ ಬೇಕಾಗುವುದೇ ಇಲ್ಲ. ಅರಿಶಿನ ಕಾಮಾಲೆಗೆ ನಾಟಿ ಮದ್ದು ಕುಡಿದು ಹಳದಿ ಇಳಿಯಿತು ಎಂದು ಸುಮ್ಮನಾಗುವವರು ನಮ್ಮಲ್ಲಿ ಬಹಳ. ಹಳದಿ ಇಳಿಯುತ್ತದೆ, ವೈರಸ್ ಉಳಿದಿರಬಹುದು. ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ.

ಆಸ್ಪತ್ರೆಯಲ್ಲಿ ಕೇಳಬೇಕಾದದ್ದು

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಈ ಕಾಯಿಲೆ ಬಂದರೆ, ಇಂಗ್ಲಿಷ್ ರಿಪೋರ್ಟ್ ಓದಿ ಹೇಳುವ ಕೆಲಸ ನಿಮ್ಮ ವಯಸ್ಸಿನವರ ಮೇಲೆಯೇ ಬೀಳುತ್ತದೆ. ಆಗ ಕೇಳಿ:

ಆಪರೇಷನ್ ಆಗದಿರುವುದು ಗಡ್ಡೆಯ ಕಾರಣಕ್ಕೋ, ಲಿವರ್‌ನ ಕಾರಣಕ್ಕೋ? ಲಿವರ್ ಎಷ್ಟು ಕೆಲಸ ಮಾಡುತ್ತಿದೆ, ಚೈಲ್ಡ್-ಪ್ಯೂ ದರ್ಜೆ ಎ, ಬಿ, ಸಿ ಇವುಗಳಲ್ಲಿ ಯಾವುದು? ಕ್ಯಾನ್ಸರ್ ಲಿವರ್ ದಾಟಿದೆಯೇ? ಸರ್ಜನ್, ರೇಡಿಯೇಷನ್ ತಜ್ಞರು, ಲಿವರ್ ತಜ್ಞರು, ನಳಿಕೆ ಹಾಕುವ ರೇಡಿಯಾಲಜಿಸ್ಟ್ ಎಲ್ಲರೂ ಒಟ್ಟಿಗೆ ಕೂತು ಈ ಕೇಸ್ ನೋಡಿದ್ದಾರೆಯೇ? ಈ ಚಿಕಿತ್ಸೆಯ ಉದ್ದೇಶ ಗುಣಪಡಿಸುವುದೋ, ಕಸಿಯವರೆಗೆ ಕಾಯಿಸುವುದೋ, ದಿನ ಹೆಚ್ಚಿಸುವುದೋ, ನೋವು ಇಳಿಸುವುದೋ? ಗಡ್ಡೆಗೆ ಎಷ್ಟು ಗ್ರೇ ತಲುಪುತ್ತದೆ ಎಂದು ಪ್ರತ್ಯೇಕ ಲೆಕ್ಕ ಹಾಕುತ್ತೀರಾ? ಒಟ್ಟು ಖರ್ಚು ಎಷ್ಟು, ಯೋಜನೆಯ ಯಾವ ಪ್ಯಾಕೇಜಿನಲ್ಲಿ ಎಷ್ಟು ಬರುತ್ತದೆ? ಕೊನೆಯದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಬರೆಸಿಕೊಳ್ಳಿ.

ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ತೋಟ ಮಾರುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು. ಎಲ್ಲ ಮುಗೀತು ಎಂದು ಕಾರ್ಕಳ ಬಸ್ ಹತ್ತುವ ಮೊದಲು ಕೇಳಬೇಕಾದ್ದೂ ಇವೇ. ಇನ್ನುಳಿದ ಪ್ರಶ್ನೆಗಳು ಆಸ್ಪತ್ರೆಯಲ್ಲಿ ಕೇಳುವಂಥವಲ್ಲ. ಕಣದ ಬೆಲೆ, ಪ್ಯಾಕೇಜಿನ ದರ, ಜಿಲ್ಲಾಸ್ಪತ್ರೆಯ ಯಂತ್ರ, ಇವನ್ನು ಓಟು ಕೇಳಲು ಬರುವವರಿಗೆ ಕೇಳಿ.